ಪುಸ್ತಕದಾಗ ಬರೀದ ಪಾಳಿ

(1/9)

ಫೋಟೋದಾಗ ಇರೋದು ಹನುಮಸಾಗರ ಬಸ್ ನಿಲ್ದಾಣ. ಬೆಳಗಿನ ಐದೂವರೆ. ಲೈಟಿನ ಕೆಳಗೆ ಬೆನ್ನು ಮಾಡಿ ನಿಂತವರು ನಮ್ಮ ಓಣಿಯ ಅಕ್ಕ. ಕೇಳಿಯೇ ತೆಗೆದದ್ದು. "ಮಾರಿ ಬ್ಯಾಡ" ಅಂದ್ರು, ಅದಕ್ಕೆ ಮುಖ ಇಲ್ಲ. ಕಂಕುಳಾಗ ಮಗ. ಅವನ ಹೆಸರೂ ಬೇಡ, ಈ ಸರಣಿ ಪೂರ್ತಿ ಚಿನ್ನು ಅಂತ ಕರೀತೀನಿ.

ಚಿನ್ನುಗೆ ಐದು ವರ್ಷ. ಅವನ ಬಾಯಾಗ ಬರೋ ಮಾತು ಒಂದೇ: "ಕುಷ್ಟಗಿ ಕುಷ್ಟಗಿ ಕುಷ್ಟಗಿ." ಕಂಡಕ್ಟರ್ ಕೂಗ್ತಾರಲ್ಲ, ಅದೇ ರಾಗ, ಅದೇ ಅವಸರ. ಹಸಿವಾದ್ರೂ ಕುಷ್ಟಗಿ, ನಿದ್ದಿ ಬಂದ್ರೂ ಕುಷ್ಟಗಿ. ಸೋಡಾ ಬಾಟ್ಲಿ ಮುಚ್ಚಳ ಆರಿಸಿ ಬಣ್ಣದ ಪ್ರಕಾರ ಸಾಲಾಗಿ ಇಡ್ತಾನ. ನೀವು ಒಂದು ಮುಚ್ಚಳ ಸರಿಸಿದ್ರೆ ಓಣಿ ಎದ್ದು ಬರೋ ಹಂಗ ಅಳ್ತಾನ. ಡಾಕ್ಟರ್ ಚೀಟಿ ಮೇಲೆ ಬರೆದ ಶಬ್ದ ಆಟಿಸಂ. ಸರ್ಕಾರಿ ಕಾಗದದಾಗ ಅದನ್ನೇ ಸ್ವಲೀನತೆ ಅಂತಾರ.

ಅಕ್ಕಗ ಅನುಮಾನ ಬಂದದ್ದು ಅವನಿಗೆ ಎರಡೂವರೆ ವರ್ಷ ಇದ್ದಾಗ. ಆ ಶಬ್ದ ಚೀಟಿ ಮೇಲೆ ಬಂದದ್ದು ನಾಲ್ಕು ತುಂಬಿದ ಮೇಲೆ. ಥೆರಪಿ ಅಂತ ಒಬ್ಬರ ಮುಂದೆ ಅವನು ಮೊದಲ ಸಲ ಕೂತದ್ದು ಈ ಫೋಟೋ ತೆಗೆದ ದಿನ, ಐದು ತುಂಬಿದ ಮೇಲೆ. ಎರಡೂವರೆ ವರ್ಷ ಸಣ್ಣವನಿದ್ದ, ಮುಂದಿನ ಎರಡೂವರೆ ವರ್ಷ ಪಾಳಿಯಾಗ ಇದ್ದ. ಅವನ ಆಯುಷ್ಯದ ಅರ್ಧ.

ನಾನು ಬಿ.ಕಾಂ, ಡಾಕ್ಟರ್ ಅಲ್ಲ. ಆದ್ರೆ ಲೆಕ್ಕದ ಪುಸ್ತಕ ಓದೋದು ಕಲಿಸ್ಯಾರ. ವರ್ಷದ ಕೊನೆಗೆ ಕೊಡಬೇಕಾದದ್ದು ಇನ್ನೂ ಕೊಟ್ಟಿಲ್ಲ ಅಂದ್ರೆ ಅದನ್ನ ಬಾಕಿ ಅಂತ ಬರೀಬೇಕು. ಬರೀಲಿಲ್ಲ ಅಂದ್ರೆ ಲಾಭ ಹೆಚ್ಚು ಕಾಣ್ತೈತಿ, ಸಾಲ ಕಾಣಂಗಿಲ್ಲ. ಫಸ್ಟ್ ಸೆಮ್‌ನಾಗ ನಾನು ಮಾರ್ಕ್ಸ್ ಕಳಕೊಂಡದ್ದು ಇದರಾಗ, ಅದಕ್ಕೆ ಚಲೋ ನೆನಪೈತಿ. ಚಿನ್ನು ಕಾದ ದಿನಗಳನ್ನ ಯಾರು, ಯಾವ ಪುಸ್ತಕದಾಗ ಬರೆದಾರ ಅಂತ ಹುಡುಕಾಕ ಹೋದೆ. ಹುಡುಕ್ತಾ ಹುಡುಕ್ತಾ ಎಂಬತ್ತು ವರ್ಷ ಹಿಂದಕ್ಕೆ ಹೋದೆ. ಅದೇ ಈ ಸರಣಿ.

(2/9)

ಮೊದಲ ಮಗುವಿನಿಂದ ಶುರು ಮಾಡೋಣ.

ಅಮೆರಿಕದ ಮಿಸಿಸಿಪ್ಪಿ ರಾಜ್ಯದಲ್ಲಿ ಫಾರೆಸ್ಟ್ ಅಂತ ಒಂದು ಸಣ್ಣ ಊರು. ಅಲ್ಲಿಯ ವಕೀಲರೊಬ್ಬರ ಮಗ ಡೊನಾಲ್ಡ್ ಟ್ರಿಪ್ಲೆಟ್, ಹುಟ್ಟಿದ್ದು 1933ರಲ್ಲಿ. ಹೆಸರು ಹಿಡಿದು ಕರೆದ್ರೆ ತಿರುಗಿ ನೋಡ್ತಿರಲಿಲ್ಲ. ದುಂಡಗಿದ್ದದ್ದು ಏನು ಸಿಕ್ಕರೂ ಗಿರಗಿರ ತಿರುಗಿಸ್ತಾ ಕೂಡ್ತಿದ್ದ. ಕೇಳಿದ ಶಬ್ದಗಳನ್ನೇ ಮತ್ತೆ ಮತ್ತೆ ಹೇಳ್ತಿದ್ದ. ಡಾಕ್ಟರು ಹೇಳಿದ್ರು ಅಂತ ಮೂರನೇ ವಯಸ್ಸಿಗೆ ಅವನನ್ನ ಮನೆಯಿಂದ ದೂರ ಒಂದು ಸಂಸ್ಥೆಯಲ್ಲಿ ಬಿಟ್ಟರು. ಸುಮಾರು ಒಂದು ವರ್ಷ ಆದ ಮೇಲೆ ಅಪ್ಪ-ಅಮ್ಮನಿಗೆ ತಡೆಯಲಾಗಲಿಲ್ಲ, ವಾಪಸ್ ಕರಕೊಂಡು ಬಂದರು.

1938ರಲ್ಲಿ ಅವನನ್ನ ದೂರದ ಬಾಲ್ಟಿಮೋರ್‌ಗೆ, ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯ ಲಿಯೋ ಕ್ಯಾನರ್ ಅನ್ನೋ ಮಕ್ಕಳ ಮನೋವೈದ್ಯರ ಹತ್ತಿರ ಕರಕೊಂಡು ಹೋದರು. ಹೋಗೋ ಮೊದಲೇ ಅಪ್ಪ ಮಗನ ಬಗ್ಗೆ 33 ಪುಟದ ಪತ್ರ ಟೈಪ್ ಮಾಡಿಸಿ ಕಳಿಸಿದ್ದರು. ಮಗ ಯಾವಾಗ ಏನು ಅಂದ, ಏನು ತಿಂದ, ಏನು ತಿನ್ನಲಿಲ್ಲ, ಎಲ್ಲ ಅದರಲ್ಲಿ ಇತ್ತು. 1943ರಲ್ಲಿ ಕ್ಯಾನರ್ 11 ಮಕ್ಕಳ ಬಗ್ಗೆ ಒಂದು ಲೇಖನ ಪ್ರಕಟಿಸಿದರು. ಅದರಲ್ಲಿ ಮೊದಲನೇ ಮಗು ಡೊನಾಲ್ಡ್. ಆಟಿಸಂ ಅನ್ನೋ ಶಬ್ದ ಅದಕ್ಕೂ ಮೊದಲೇ ಇತ್ತು. ಸ್ವಿಟ್ಜರ್‌ಲ್ಯಾಂಡಿನ ಬ್ಲಾಯ್ಲರ್ ಅನ್ನೋ ಮನೋವೈದ್ಯರು ಬೇರೊಂದು ಕಾಯಿಲೆಯಲ್ಲಿ ತಮ್ಮೊಳಗೇ ಮುಳುಗಿಹೋದವರ ಬಗ್ಗೆ ಹೇಳೋಕೆ ಅದನ್ನ ಬಳಸಿದ್ದರು. ಮಕ್ಕಳಿಗೆ ಇರೋ ಒಂದು ಪ್ರತ್ಯೇಕ ಸ್ಥಿತಿಯ ಹೆಸರಾಗಿ ಅದು ನಿಂತದ್ದು ಕ್ಯಾನರ್ ಲೇಖನದಿಂದ.

ನನಗೆ ಈ ಕಥೆಯಲ್ಲಿ ಹಿಡಿಸಿದ್ದು ಡಾಕ್ಟರ್ ಅಲ್ಲ, ಆ 33 ಪುಟ. ಮೊದಲ ದಾಖಲೆ ಬರೆದದ್ದು ಅಪ್ಪ. ಆತನಿಗೆ ಬರೆಯೋಕೆ ಬರ್ತಿತ್ತು, ಬರೆದದ್ದನ್ನ ಓದೋ ಡಾಕ್ಟರ್ ಸಿಕ್ಕರು, ಹೋಗಿಬರೋಕೆ ರೊಕ್ಕ ಇತ್ತು. ಡೊನಾಲ್ಡ್ ಮುಂದೆ ಕಾಲೇಜು ಮುಗಿಸಿದ, ಊರಿನ ಬ್ಯಾಂಕಿನಲ್ಲಿ ಕೆಲಸ ಮಾಡಿದ, ಗಾಲ್ಫ್ ಆಡಿದ, ಒಬ್ಬನೇ ದೇಶ ಸುತ್ತಿದ. ತೀರಿಕೊಂಡದ್ದು 2023ರಲ್ಲಿ, 89ನೇ ವಯಸ್ಸಿಗೆ. ಬ್ಯಾಂಕು ಅವನ ಅಮ್ಮನ ಮನೆತನದ್ದೇ ಆಗಿತ್ತು ಅನ್ನೋದನ್ನೂ ಹೇಳಿಬಿಡ್ತೀನಿ, ಇಲ್ಲಾಂದ್ರೆ ಕಥೆ ಸುಳ್ಳಾಗ್ತದೆ.

(3/9)

ಇದು ಸಣ್ಣ ಪೋಸ್ಟ್. ಫೋಟೋ ಇಲ್ಲ.

ಹೆಸರು ಸಿಕ್ಕ ಮೇಲೆ ಏನಾಯ್ತು? ತಪ್ಪು ತಾಯಂದಿರ ತಲೆ ಮೇಲೆ ಬಂತು. ಮಗುವಿಗೆ ಪ್ರೀತಿ ಸಿಗಲಿಲ್ಲ, ಅಮ್ಮ ಮಂಜುಗಡ್ಡೆ ಥರ ತಣ್ಣಗಿದ್ದಳು, ಅದಕ್ಕೇ ಹೀಗಾಯ್ತು ಅನ್ನೋ ವಾದ ಅಮೆರಿಕದಲ್ಲಿ ಇಪ್ಪತ್ತು ವರ್ಷಕ್ಕೂ ಹೆಚ್ಚು ನಡೀತು. ಕ್ಯಾನರ್ ಕೂಡ ಸ್ವಲ್ಪ ಕಾಲ ಅದೇ ದಾರಿಯಲ್ಲಿ ಬರೆದರು. 1964ರಲ್ಲಿ ಬರ್ನಾರ್ಡ್ ರಿಮ್ಲ್ಯಾಂಡ್ ಅನ್ನೋ ಮನಶ್ಶಾಸ್ತ್ರಜ್ಞ ಇದು ಮಿದುಳಿನ ಬೆಳವಣಿಗೆಗೆ ಸಂಬಂಧಿಸಿದ್ದು, ಸಾಕಿದ ರೀತಿಗೆ ಅಲ್ಲ ಅಂತ ಪುಸ್ತಕ ಬರೆದರು. ಆತನ ಮಗನಿಗೂ ಆಟಿಸಂ ಇತ್ತು. ಅಷ್ಟಾದರೂ 1967ರಲ್ಲಿ ಬ್ರೂನೋ ಬೆಟಲ್‌ಹೈಮ್ ತಾಯಂದಿರನ್ನೇ ಬೈಯೋ ಪುಸ್ತಕ ತಂದರು, ಅದೇ ಹೆಚ್ಚು ಹೆಸರು ಮಾಡಿತು. 1969ರಲ್ಲಿ ಪಾಲಕರ ಸಭೆಯೊಂದರಲ್ಲಿ ಕ್ಯಾನರ್ ಎದ್ದು ನಿಂತು, ನಿಮ್ಮ ಮೇಲೆ ಯಾವ ತಪ್ಪೂ ಇಲ್ಲ ಅನ್ನೋ ಅರ್ಥದ ಮಾತು ಹೇಳಿದರು. 1943ರಿಂದ ಲೆಕ್ಕ ಹಾಕಿದ್ರೆ 26 ವರ್ಷ.

ನಮ್ಮ ಓಣಿಯಲ್ಲಿ ಅದು ಇನ್ನೂ 1967. "ಮೊಬೈಲ್ ಕೊಟ್ಟು ಕೊಟ್ಟು ಹಿಂಗ ಮಾಡ್ಯಾಳ." "ಬಸುರಿದ್ದಾಗ ಗ್ರಹಣ ನೋಡಿರಬೇಕು." ಬಜೆ ತೇಯ್ದು ನಾಲಿಗೆಗೆ ಹಚ್ಚಿದ್ರು, ಹರಕೆ ಹೊತ್ತರು. ಅದರ ಬಗ್ಗೆ ನನ್ನ ತಕರಾರಿಲ್ಲ. ಹಿರಿಯರಿಗೆ ಗೊತ್ತಿದ್ದದ್ದು ಅಷ್ಟು, ಮಾಡಿದ್ರು. "ಗಂಡು ಹುಡುಗ್ರು ತಡಾ ಮಾತಾಡ್ತಾವ, ನಮ್ಮ ಮಾವಗ ಐದನೇ ವರ್ಷಕ್ಕ ಮಾತು ಬಂದಾವು" ಅಂದವರ ಮಾತು ಕೇಳಿ ಅಕ್ಕ ಒಂದು ವರ್ಷ ಸುಮ್ಮನಿದ್ದರು. ಆ ಒಂದು ವರ್ಷದ ಬಾಕಿ ನಮ್ಮ ಮೇಲೆ ಐತಿ, ಸರ್ಕಾರದ ಮೇಲಲ್ಲ. ಅದನ್ನ ಮೊದಲೇ ಬರೆದಿಡ್ತೀನಿ.

(4/9)

ಕ್ಯಾನರ್ ಲೇಖನ ಬಂದ 1943ರಲ್ಲಿ ನಮ್ಮ ಕುಷ್ಟಗಿ ತಾಲೂಕು ಎಲ್ಲಿತ್ತು? ನಿಜಾಮರ ಹೈದರಾಬಾದ್ ಸಂಸ್ಥಾನದ ರಾಯಚೂರು ಜಿಲ್ಲೆಯಲ್ಲಿ. ಬೆಂಗಳೂರಿನ ಮೆಂಟಲ್ ಹಾಸ್ಪಿಟಲ್ ಮೈಸೂರು ಮಹಾರಾಜರ ರಾಜ್ಯದ್ದು. ಧಾರವಾಡದ ಮಾನಸಿಕ ಆಸ್ಪತ್ರೆ ಬ್ರಿಟಿಷರ ಮುಂಬೈ ಪ್ರಾಂತ್ಯದ್ದು. ಅಂದ್ರೆ ಕನ್ನಡ ಮಾತಾಡೋ ಡಾಕ್ಟರ್ ಸಿಗಬಹುದಾದ ಎರಡೂ ಜಾಗ ನಮಗೆ ಬೇರೆ ರಾಜ್ಯ. ಮ್ಯಾಪ್ ತೆಗೆದು ನೋಡೋವರೆಗೂ ಇದು ನನ್ನ ತಲೆಗೆ ಬಂದೇ ಇರಲಿಲ್ಲ.

1948ರ ಸೆಪ್ಟೆಂಬರ್‌ನಲ್ಲಿ ಹೈದರಾಬಾದ್ ಭಾರತಕ್ಕೆ ಸೇರಿತು. 1956ರ ನವೆಂಬರ್ 1ಕ್ಕೆ ನಾವು ಮೈಸೂರು ರಾಜ್ಯಕ್ಕೆ ಬಂದೆವು. ಅಷ್ಟರೊಳಗೆ, 1954ರಲ್ಲಿ, ಬೆಂಗಳೂರಿನ ಆ ಆಸ್ಪತ್ರೆಯ ಪಕ್ಕದಲ್ಲೇ ಕೇಂದ್ರ ಸರ್ಕಾರ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ತೆರೆದಿತ್ತು. 1974ರಲ್ಲಿ ಆಸ್ಪತ್ರೆ, ಸಂಸ್ಥೆ ಎರಡೂ ಕೂಡಿ ನಿಮ್ಹಾನ್ಸ್ ಆಯ್ತು. ಮಾತು ಮತ್ತು ಕೇಳುವಿಕೆಗೆ ಅಂತ 1965ರಲ್ಲಿ ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಬಂತು. ಧಾರವಾಡದ ಆಸ್ಪತ್ರೆ ಬೆಳೆದು ಈಗ ಡಿಮ್ಹಾನ್ಸ್ ಆಗಿದೆ. ಎಲ್ಲ ಒಳ್ಳೆ ಸಂಸ್ಥೆಗಳೇ, ಇವತ್ತು ದೇಶದ ಮೂಲೆ ಮೂಲೆಯಿಂದ ಜನ ಬರ್ತಾರೆ. ಆದ್ರೆ ಮ್ಯಾಪ್ ಮೇಲೆ ಚುಕ್ಕಿ ಇಟ್ಟು ನೋಡ್ರಿ. ಬೆಂಗಳೂರು, ಮೈಸೂರು, ಧಾರವಾಡ. ಹಳೇ ಮೂರು ಭಾಗಗಳಲ್ಲಿ ಹೈದರಾಬಾದ್ ಭಾಗಕ್ಕೆ ಮಾತ್ರ ಚುಕ್ಕಿ ಬಿದ್ದಿಲ್ಲ.

ಇನ್ನೊಂದು ಮಾತು. 1997ರವರೆಗೆ ಕೊಪ್ಪಳ ಜಿಲ್ಲೆಯೇ ಇರಲಿಲ್ಲ. ಹನುಮಸಾಗರದವರಿಗೆ ಜಿಲ್ಲಾ ಆಸ್ಪತ್ರೆ ಅಂದ್ರೆ ರಾಯಚೂರು. ನಮ್ಮ ಅಮ್ಮ ಹೇಳ್ತಾರ, ರಾಯಚೂರಿಗೆ ಹೋಗಬೇಕು ಅಂದ್ರೆ ಬುತ್ತಿ ಕಟ್ಟಿಕೊಂಡು ಹೋಗಿ, ರಾತ್ರಿ ಅಲ್ಲೇ ಉಳಿದು ಬರ್ತಿದ್ದರಂತೆ. ಕೊಪ್ಪಳಕ್ಕೆ ಸರ್ಕಾರಿ ಮೆಡಿಕಲ್ ಕಾಲೇಜು ಬಂದದ್ದು 2015ರಲ್ಲಿ. ನಾನಾಗ ಪ್ರೈಮರಿ ಸ್ಕೂಲಿನಾಗ ಇದ್ದೆ. ಅಷ್ಟು ಹೊಸದು.

2002ರಲ್ಲಿ ಡಾ. ಡಿ. ಎಂ. ನಂಜುಂಡಪ್ಪ ಸಮಿತಿ ಪ್ರಾದೇಶಿಕ ಅಸಮತೋಲನದ ವರದಿ ಕೊಟ್ಟಿತು. ರಾಜ್ಯದಲ್ಲಿ 114 ಹಿಂದುಳಿದ ತಾಲೂಕುಗಳು, ಅದರಲ್ಲಿ 39 ಅತ್ಯಂತ ಹಿಂದುಳಿದವು. ನಮ್ಮ ಜಿಲ್ಲೆಯಿಂದ ಕುಷ್ಟಗಿ ಮತ್ತು ಯಲಬುರ್ಗಾ ಆ 39ರಲ್ಲಿ ಇವೆ. ನಮಗೆ 371ಜೆ ಸಿಕ್ಕದ್ದರ ಹಿಂದೆ ಇಂಥ ಲೆಕ್ಕಗಳೇ ಇದ್ದವು. ಜನಸಂಖ್ಯೆಗೆ ಎಷ್ಟು ಡಾಕ್ಟರು, ಎಷ್ಟು ಹಾಸಿಗೆ ಅಂತ ಸಮಿತಿ ಎಣಿಸಿತು. ಮಗುವಿಗೆ ಮಾತು ಕಲಿಸೋರು ಎಷ್ಟು ಮಂದಿ ಅನ್ನೋ ಕಾಲಂ ಅದರಲ್ಲಿ ಇರಲಿಲ್ಲ. 2002ರಲ್ಲಿ ಅದು ಯಾರಿಗೂ ಹೊಳೆಯೋ ಮಾತೂ ಆಗಿರಲಿಲ್ಲ ಬಿಡ್ರಿ.

(5/9)

ಫೋಟೋದಾಗ ಇರೋದು ತುಂಗಭದ್ರಾ ಡ್ಯಾಮ್, ಮುನಿರಾಬಾದ್ ಕಡೆಯಿಂದ ತೆಗೆದದ್ದು. ಆಚೆ ದಂಡೆ ಈಗ ವಿಜಯನಗರ ಜಿಲ್ಲೆ, ಮೊದಲು ಬಳ್ಳಾರಿ ಜಿಲ್ಲೆಯಾಗಿತ್ತು. ಆ ಬಳ್ಳಾರಿಯಲ್ಲಿ 1980ರ ದಶಕದ ಮಧ್ಯದಲ್ಲಿ ಒಂದು ದೊಡ್ಡ ಪ್ರಯೋಗ ನಡೀತು. ನಮ್ಮ ಪಕ್ಕದಲ್ಲೇ ನಡೆದದ್ದು, ನಮಗೆ ಯಾರೂ ಪಾಠದಾಗ ಹೇಳಿಲ್ಲ.

ನಿಮ್ಹಾನ್ಸ್‌ನವರು ಯೋಚನೆ ಮಾಡಿದರು: ಮಾನಸಿಕ ಕಾಯಿಲೆ ಇದ್ದವರೆಲ್ಲ ಬೆಂಗಳೂರಿಗೆ ಬರೋಕೆ ಆಗಲ್ಲ, ಹಾಗಾದ್ರೆ ಚಿಕಿತ್ಸೆಯನ್ನೇ ಹಳ್ಳಿಗೆ ಕಳಿಸಿದ್ರೆ? ಮೊದಲು ಬೆಂಗಳೂರು ಹತ್ತಿರದ ಸಕಲವಾರದಲ್ಲಿ ಸಣ್ಣದಾಗಿ ಮಾಡಿ ನೋಡಿದರು, ಆಮೇಲೆ ಇಡೀ ಬಳ್ಳಾರಿ ಜಿಲ್ಲೆಯಲ್ಲಿ. ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರು, ನರ್ಸುಗಳಿಗೆ ತರಬೇತಿ ಕೊಟ್ಟರು. ಗಂಭೀರ ಮಾನಸಿಕ ಕಾಯಿಲೆ, ಮೂರ್ಛೆ ರೋಗ ಇವನ್ನ ಗುರುತಿಸೋದು ಕಲಿಸಿದರು. ಗುಳಿಗೆ ಅಲ್ಲೇ ಸಿಗೋ ಹಾಗೆ ಮಾಡಿದರು. ಕೆಲಸ ಆಯ್ತು. 1996ರಲ್ಲಿ ಕೇಂದ್ರ ಸರ್ಕಾರ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರು ಮಾಡಿದಾಗ ಅದಕ್ಕೆ ಇದೇ ಮಾದರಿ. ಪುಸ್ತಕಗಳಲ್ಲಿ ಅದಕ್ಕೆ ಬಳ್ಳಾರಿ ಮಾದರಿ ಅಂತಾನೇ ಹೆಸರು.

ಇದನ್ನ ಓದಿ ಖುಷಿಯಾಯ್ತು, ಆಮೇಲೆ ಒಂದು ವಿಷಯ ಚುಚ್ಚಿತು. ಬಳ್ಳಾರಿಯಲ್ಲಿ ಹಳ್ಳಿಗೆ ಹೋದದ್ದು ಮುಖ್ಯವಾಗಿ ಗುಳಿಗೆ. ಗುಳಿಗೆ ಡಬ್ಬಿಯಲ್ಲಿ ತುಂಬಿ ಜೀಪಿನಲ್ಲಿ ಕಳಿಸಬಹುದು, ಒಬ್ಬ ಡಾಕ್ಟರ್ ಒಂದು ದಿನದಲ್ಲಿ ಐವತ್ತು ಮಂದಿಗೆ ಬರೆದುಕೊಡಬಹುದು. ಆಟಿಸಂಗೆ ಅಂಥ ಗುಳಿಗೆ ಇಲ್ಲ. ಅದು ಕಡಿಮೆ ಮಾಡಬೇಕಾದ ರೋಗವೂ ಅಲ್ಲ. ಮಗುವಿಗೆ ಬೇಕಾದದ್ದು ಒಬ್ಬ ಮನುಷ್ಯನ ಸಮಯ: ಎದುರು ಕೂತು, ಅವನು ನೋಡಿದ ಕಡೆ ತಾನೂ ನೋಡಿ, ಅವನ "ಕುಷ್ಟಗಿ"ಯಿಂದಲೇ ಶುರು ಮಾಡಿ ನೀರು ಬೇಕು, ಸಾಕು, ಬೇಡ ಅಂತ ಹೇಳೋದು ಕಲಿಸೋ ಸಮಯ. ವಾರಕ್ಕೆ ಹಲವು ಸಲ, ವರ್ಷಗಟ್ಟಲೆ. ಜೊತೆಗೆ ಅಮ್ಮನಿಗೂ ಕಲಿಸಬೇಕು.

ಅದಕ್ಕೆ ಈ ಪಾಳಿ ಔಷಧದ ಅಂಗಡಿ ಮುಂದಿನ ಪಾಳಿ ಥರ ಅಲ್ಲ. ಸ್ಟಾಕ್ ತರಿಸಿದ್ರೆ ಕರಗಲ್ಲ.

(6/9)

ಈಗ ಖಾತೆಯ ವಿಷಯ. ಲೆಜರ್‌ನಲ್ಲಿ ಒಂದು ಹೆಸರಿಗೆ ಖಾತೆ ತೆಗೀದೇ ಇದ್ರೆ ಎಂಟ್ರಿ ಎಲ್ಲಿ ಹಾಕ್ತೀರಿ? ಸರ್ಕಾರದ ಲೆಜರ್‌ನಲ್ಲಿ ಆಟಿಸಂಗೆ ಖಾತೆ ತೆಗೆದ ಕಥೆ ಹೀಗಿದೆ.

1995ರಲ್ಲಿ ಸಂಸತ್ತು ಅಂಗವಿಕಲರ ಕಾಯ್ದೆ ಮಾಡಿತು. ಅದರಲ್ಲಿ ಏಳು ಬಗೆ: ಅಂಧತ್ವ, ಮಂದ ದೃಷ್ಟಿ, ಕುಷ್ಠದಿಂದ ಗುಣವಾದವರು, ಶ್ರವಣ ದೋಷ, ಚಲನೆಯ ತೊಂದರೆ, ಬುದ್ಧಿಮಾಂದ್ಯ, ಮಾನಸಿಕ ಕಾಯಿಲೆ. ಆಟಿಸಂ ಇಲ್ಲ. ಕ್ಯಾನರ್ ಲೇಖನ ಬಂದು 52 ವರ್ಷ ಆಗಿತ್ತು. ದೆಹಲಿಯಲ್ಲಿ ಮೆರಿ ಬರುವಾ ಅನ್ನೋ ತಾಯಿ 1991ರಲ್ಲೇ ಆಕ್ಷನ್ ಫಾರ್ ಆಟಿಸಂ ಅಂತ ಸಂಸ್ಥೆ ಕಟ್ಟಿ ಓಡಾಡ್ತಿದ್ದರು. ಅಂಥ ಪಾಲಕರ ಹೋರಾಟದಿಂದ 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಲ್ಲಿ ಆಟಿಸಂ ಅನ್ನೋ ಹೆಸರು ಬಂತು.

ಹೆಸರು ಬಂತು, ಆದ್ರೆ ಸರ್ಟಿಫಿಕೇಟಿಗೆ ನಡೆಯೋದು 1995ರ ಕಾಯ್ದೆ. ಅದರಲ್ಲಿ ಆಟಿಸಂ ಕಾಲಂ ಇಲ್ಲ. ಹಾಗಾಗಿ ಅನೇಕ ಮಕ್ಕಳಿಗೆ ಬುದ್ಧಿಮಾಂದ್ಯ ಅಂತಲೇ ಬರೆಸಿಕೊಂಡು ಬಂದರು. ಬೇರೆಯವರ ಖಾತೆಗೆ ಎಂಟ್ರಿ ಹಾಕಿದ ಹಾಗೆ. ಮೊತ್ತ ತಾಳೆ ಆಗ್ತದೆ, ಲೆಕ್ಕ ತಪ್ಪು. ಆಡಿಟರ್ ಹಿಡೀಬೇಕಿದ್ದ ತಪ್ಪು ಇದು, ಟ್ರಯಲ್ ಬ್ಯಾಲೆನ್ಸ್‌ನಲ್ಲಿ ಸಿಗಲ್ಲ ಅಂತ ನಮಗೆ ಹೇಳಿಕೊಡ್ತಾರಲ್ಲ, ಅಂಥದ್ದು.

ಸಿಕಂದರಾಬಾದಿನ ರಾಷ್ಟ್ರೀಯ ಸಂಸ್ಥೆಯೊಂದು ನಮ್ಮ ದೇಶಕ್ಕೇ ಅಂತ ಒಂದು ಅಳತೆಗೋಲು ಮಾಡಿತು. 40 ಪ್ರಶ್ನೆ, ಒಂದೊಂದಕ್ಕೆ 1ರಿಂದ 5 ಅಂಕ. ಒಟ್ಟು 70 ಬಂದ್ರೆ ಸೌಮ್ಯ, 153 ದಾಟಿದ್ರೆ ತೀವ್ರ. 70 ಅಂಕಕ್ಕೆ 40 ಪರ್ಸೆಂಟ್ ಅಂಗವೈಕಲ್ಯ ಅಂತ ಹಿಡೀತಾರೆ, ಅಲ್ಲಿಂದ ಸೌಲಭ್ಯಗಳ ಬಾಗಿಲು ತೆರೀತದೆ. ಇದನ್ನ ಬಳಸಿ ಆಟಿಸಂ ಸರ್ಟಿಫಿಕೇಟ್ ಕೊಡೋ ಮಾರ್ಗಸೂಚಿಯನ್ನ ಕೇಂದ್ರ ಸರ್ಕಾರ ಹೊರಡಿಸಿದ್ದು 2016ರ ಏಪ್ರಿಲ್‌ನಲ್ಲಿ. ಅದೇ ವರ್ಷ ಡಿಸೆಂಬರ್‌ನಲ್ಲಿ ಹೊಸ ಅಂಗವಿಕಲರ ಹಕ್ಕುಗಳ ಕಾಯ್ದೆ ಪಾಸಾಯ್ತು, ಏಳು ಇದ್ದದ್ದು 21 ಬಗೆ ಆಯ್ತು, ಆಟಿಸಂ ಅದರಲ್ಲಿ ಸೇರಿತು. ಜಾರಿಗೆ ಬಂದದ್ದು 2017ರ ಏಪ್ರಿಲ್ 19.

ಅಂದ್ರೆ ಚಿನ್ನುವಿನ ಕಾಯಿಲೆ ಅಲ್ಲದ ಈ ಸ್ಥಿತಿಗೆ, ಸರ್ಕಾರದ ದೊಡ್ಡ ಲೆಜರ್‌ನಲ್ಲಿ ಸ್ವಂತ ಖಾತೆ ಬಂದು ಹತ್ತು ವರ್ಷವೂ ಸರಿಯಾಗಿ ಆಗಿಲ್ಲ. ನಮ್ಮೂರಲ್ಲಿ ಈಗ ಮೂವತ್ತು ವರ್ಷದ ಒಬ್ಬರಿದ್ದಾರೆ, ದಿನಾ ಒಂದೇ ಕಟ್ಟೆ ಮೇಲೆ ಒಂದೇ ಜಾಗದಲ್ಲಿ ಕೂಡ್ತಾರೆ. ಎಲ್ಲರೂ ಅವರಿಗೆ ಒಂದು ಅಡ್ಡಹೆಸರು ಇಟ್ಟಿದ್ದಾರೆ. ನಾನೂ ಸಣ್ಣವನಿದ್ದಾಗ ಕರೆದಿದ್ದೀನಿ. ಅವರು ಹುಟ್ಟಿದಾಗ ಖಾತೆಯೇ ಇರಲಿಲ್ಲ ಅಂತ ಈಗ ಅನಿಸ್ತದೆ. ಅವರಿಗೆ ಇರೋದು ಆಟಿಸಂ ಹೌದೋ ಅಲ್ಲೋ ನನಗೆ ಹೇಳೋಕೆ ಬರಲ್ಲ. ಯಾರೂ ನೋಡಲೇ ಇಲ್ಲವಲ್ಲ.

(7/9)

ಹಾಗಾದ್ರೆ ಈಗ ಎಲ್ಲ ಇದೆಯಲ್ಲ, ಇನ್ನೂ ಯಾಕೆ ತಡ?

2013ರಲ್ಲಿ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಬಂತು. ಹುಟ್ಟಿದ ಮಗುವಿನಿಂದ 18 ವರ್ಷದವರೆಗೆ, 30 ಬಗೆಯ ತೊಂದರೆಗಳ ತಪಾಸಣೆ. ಡಾಕ್ಟರು, ನರ್ಸು ಇರೋ ತಂಡ ವ್ಯಾನಿನಲ್ಲಿ ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಶಾಲೆಗೆ ಒಂದು ಸಲ ಬರಬೇಕು. ನಿಮ್ಮ ಶಾಲೆಗೂ ಬಂದಿರ್ತಾರೆ, ಕಣ್ಣು ಹಲ್ಲು ನೋಡಿ ಹೋಗಿರ್ತಾರೆ, ನೆನಪು ಮಾಡಿಕೊಳ್ರಿ. ಆ 30ರ ಪಟ್ಟಿಯಲ್ಲಿ ಆಟಿಸಂ ಇದೆ. ಅನುಮಾನ ಬಂದ ಮಗುವನ್ನ ಜಿಲ್ಲೆಯ ಶೀಘ್ರ ಮಧ್ಯಸ್ಥಿಕೆ ಕೇಂದ್ರಕ್ಕೆ ಕಳಿಸಬೇಕು. ಮಕ್ಕಳ ಡಾಕ್ಟರ್, ಮನಶ್ಶಾಸ್ತ್ರಜ್ಞರು, ಮಾತಿನ ಥೆರಪಿಸ್ಟ್, ಫಿಸಿಯೋಥೆರಪಿಸ್ಟ್, ವಿಶೇಷ ಶಿಕ್ಷಕರು, ಎಲ್ಲ ಒಂದೇ ಸೂರಿನಡಿ ಇರಬೇಕು ಅನ್ನೋದು ಮಾರ್ಗಸೂಚಿ. ಕಾಗದದ ಮೇಲೆ ನೋಡಿದ್ರೆ ಇದಕ್ಕಿಂತ ಒಳ್ಳೆ ಯೋಜನೆ ನನಗೆ ಕಾಣಲಿಲ್ಲ, ನಿಜವಾಗಿ ಹೇಳ್ತೀನಿ.

ತೊಡಕು ಒಂದು: ಸೀಳುತುಟಿ ಕಣ್ಣಿಗೆ ಕಾಣ್ತದೆ, ಹೃದಯದ ತೂತು ಸ್ಟೆತಸ್ಕೋಪಿಗೆ ಸಿಗಬಹುದು. ಆಟಿಸಂ ಇರೋ ಮಗು ಗುಂಡುಗುಂಡಗೆ, ಆರೋಗ್ಯವಾಗಿ ಕೂತಿರ್ತದೆ. ಒಂದು ದಿನದ ಕ್ಯಾಂಪಿನಲ್ಲಿ ಐದು ನಿಮಿಷ ನೋಡಿದವರಿಗೆ ಅದು ನಾಚಿಕೆ ಸ್ವಭಾವದ ಮಗು. ನಿಜವಾಗಿ ಗೊತ್ತಾಗೋದು ದಿನಾ ನೋಡೋ ಅಂಗನವಾಡಿ ಟೀಚರಿಗೆ. ಚಿನ್ನು ವಿಷಯದಲ್ಲೂ ಮೊದಲು "ಇವನು ಕರೆದ್ರೆ ನೋಡಂಗಿಲ್ಲ, ಒಮ್ಮೆ ತೋರಿಸ್ರಿ" ಅಂದದ್ದು ಟೀಚರ್ರೇ. ತಾಯಿ ಕಾರ್ಡಿನ ಒಳಗೆ ಯಾವ ತಿಂಗಳಿಗೆ ಮಗು ಏನು ಮಾಡಬೇಕು ಅಂತ ಚಿತ್ರ ಸಮೇತ ಹಾಕಿರ್ತಾರೆ. ಅಕ್ಕನ ಮನೆಯಲ್ಲಿ ಆ ಕಾರ್ಡು ಟ್ರಂಕಿನಲ್ಲಿ ಪ್ಲಾಸ್ಟಿಕ್ ಕವರ್ ಹಾಕಿ ಜೋಪಾನವಾಗಿ ಇತ್ತು. ಲಸಿಕೆ ಪುಟ ಬಿಟ್ಟು ಬೇರೆ ಪುಟ ಯಾರೂ ತೆಗೆದಿರಲಿಲ್ಲ. ಮನೆಗೆ ಹೋಗಿ ನಿಮ್ಮ ಅಕ್ಕ-ಅತ್ತಿಗೆಯರ ಕಾರ್ಡು ತೆಗೆದು ನೋಡ್ರಿ ಒಮ್ಮೆ.

ತೊಡಕು ಎರಡು, ಸಮಯ. ಇದು ನನ್ನ ಕಚ್ಚಾ ಲೆಕ್ಕ, ತಪ್ಪಿದ್ರೆ ಹೇಳ್ರಿ. ಒಬ್ಬ ಥೆರಪಿಸ್ಟ್ ದಿನಕ್ಕೆ ಆರು ತಾಸು ಮಕ್ಕಳ ಜೊತೆ ಕೂತರೆ, ಒಂದು ಮಗುವಿಗೆ 45 ನಿಮಿಷ ಅಂದ್ರೆ, ದಿನಕ್ಕೆ 8 ಮಕ್ಕಳು. ವಾರಕ್ಕೆ ಐದು ದಿನ, 40 ಮಕ್ಕಳು. ಅದೂ ವಾರಕ್ಕೆ ಒಂದೇ ಸಲ. 2011ರ ಜನಗಣತಿ ಪ್ರಕಾರ ನಮ್ಮ ಜಿಲ್ಲೆ ಸುಮಾರು 13.9 ಲಕ್ಷ. ಏಳರಲ್ಲಿ ಒಂದು ಪಾಲು ಆರು ವರ್ಷದೊಳಗಿನವರು ಅಂತ ಹಿಡಿದ್ರೆ ಹತ್ತಿರಹತ್ತಿರ 2 ಲಕ್ಷ ಮಕ್ಕಳು. ವಿಶ್ವ ಆರೋಗ್ಯ ಸಂಸ್ಥೆ ಹಿಂದೆ ಹೇಳಿದ ಒಂದು ಅಂದಾಜು ನೂರಕ್ಕೆ ಒಂದು ಮಗು. ಅದರ ಅರ್ಧ ಮಾತ್ರ ಹಿಡೀರಿ, 1000 ಮಕ್ಕಳು. 1000ವನ್ನ 40ರಿಂದ ಭಾಗಿಸಿದ್ರೆ 25. ವಾರಕ್ಕೊಮ್ಮೆ ನೋಡೋಕೇ 25 ಥೆರಪಿಸ್ಟ್ ಬೇಕು. ಮಾರ್ಗಸೂಚಿ ಜಿಲ್ಲೆಗೆ ಕೊಟ್ಟಿರೋದು ಒಂದು ಕೇಂದ್ರ.

2018ರಲ್ಲಿ ದೇಶದ ಐದು ಕಡೆ ಮನೆಮನೆಗೆ ಹೋಗಿ ಮಾಡಿದ ಒಂದು ದೊಡ್ಡ ಅಧ್ಯಯನ ಪ್ರಕಟವಾಯ್ತು. ಎರಡರಿಂದ ಒಂಬತ್ತು ವರ್ಷದ ಎಂಟು ಮಕ್ಕಳಲ್ಲಿ ಒಬ್ಬರಿಗೆ ಬೆಳವಣಿಗೆಯ ಏನಾದರೊಂದು ತೊಂದರೆ ಇದೆ ಅಂತ ಅದು ಹೇಳಿತು. ಆ ಐದರಲ್ಲಿ ಕರ್ನಾಟಕದ ಊರು ಒಂದೂ ಇಲ್ಲ. ಹಾಗಾಗಿ ನನ್ನ ಲೆಕ್ಕ ಅಂದಾಜಾಗಿಯೇ ಉಳೀತದೆ.

(8/9)

ಬೇರೆ ದೇಶದಲ್ಲಿ ಕಾಯೋದು ಇಲ್ವಾ ಅಂತ ಕಮೆಂಟಿನಲ್ಲಿ ಕೇಳಿದ್ರಿ. ಇದೆ, ಭಾರಿ ಇದೆ.

ಇಂಗ್ಲೆಂಡಿನಲ್ಲಿ ಆಟಿಸಂ ಅನುಮಾನ ಬಂದು ಕಳಿಸಿದ ಮೂರು ತಿಂಗಳೊಳಗೆ ಪರೀಕ್ಷೆ ಶುರು ಆಗಬೇಕು ಅಂತ ನಿಯಮ ಇದೆ. ಆದ್ರೆ 2024ರಲ್ಲಿ ದೊಡ್ಡವರು ಮಕ್ಕಳು ಸೇರಿ ಕಾಯೋರ ಸಂಖ್ಯೆ 2 ಲಕ್ಷ ದಾಟಿತ್ತು. ಕೆನಡಾದ ಒಂಟಾರಿಯೋದಲ್ಲಿ 2019ರಲ್ಲಿ 23,000 ಮಕ್ಕಳು ಪಟ್ಟಿಯಲ್ಲಿದ್ದರು. ಸರ್ಕಾರ ಪಟ್ಟಿ ಕರಗಿಸ್ತೀವಿ ಅಂತ ಇದ್ದ ದುಡ್ಡನ್ನೇ ಎಲ್ಲರಿಗೂ ಹಂಚಿ ತೆಳ್ಳಗೆ ಮಾಡೋಕೆ ಹೊರಟಿತು, ಪಾಲಕರು ಟೊರಾಂಟೋದ ವಿಧಾನಸಭೆ ಮುಂದೆ ಬಂದು ನಿಂತರು. ಸರ್ಕಾರ ಯೋಜನೆಯನ್ನ ಬದಲಿಸಬೇಕಾಯ್ತು.

ಶ್ರೀಮಂತ ದೇಶದಲ್ಲೂ ಹಿಂಗೇ ಅಂತ ಸಮಾಧಾನ ಮಾಡಿಕೊಳ್ಳೋಕೆ ಇದನ್ನ ಹೇಳ್ತಿಲ್ಲ. ಆ 23,000 ಅನ್ನೋ ಅಂಕಿ ನೋಡ್ರಿ. ಅದು ಎಲ್ಲಿಂದ ಬಂತು? ಒಂದೊಂದು ಮಗುವಿನ ಹೆಸರು, ತಾರೀಖು ಯಾರೋ ಬರೆದಿಟ್ಟದ್ದರಿಂದ. ಬಾಕಿ ಪುಸ್ತಕದಲ್ಲಿತ್ತು. ಪುಸ್ತಕದಲ್ಲಿದ್ದದ್ದಕ್ಕೆ ಜಗಳ ಮಾಡೋಕೆ ಬಂತು.

ಚಿನ್ನುವಿನ ಪಾಳಿ ಹೆಂಗಿತ್ತು ಹೇಳ್ತೀನಿ. ದವಾಖಾನೆ ಹೆಸರು, ಊರ ಹೆಸರು ಹಾಕಲ್ಲ. ಅಲ್ಲಿ ಕೂತವರೂ ಒಬ್ಬರೇ ನಾಲ್ಕು ಮಂದಿ ಕೆಲಸ ಮಾಡ್ತಿರೋದನ್ನ ಕಣ್ಣಾರೆ ನೋಡಿದ್ದೀನಿ. ಮೊದಲು ಹೋದಾಗ "ಮೇಡಂ ಇಲ್ಲ, ಮುಂದಿನ ತಿಂಗಳು ಬರ್ರಿ" ಅಂದ್ರು. ಬರೆದುಕೊಡಲಿಲ್ಲ. ಮುಂದಿನ ತಿಂಗಳು ಹೋದಾಗ ಕಿವಿ ಪರೀಕ್ಷೆ ಮಾಡಿಸಿಕೊಂಡು ಬರ್ರಿ ಅಂದ್ರು. ಅದಕ್ಕೆ ಇನ್ನೊಂದು ಊರು. ಕಿವಿ ಸರಿ ಇದೆ ಅಂತ ಕಾಗದ ತಂದಾಗ ಮೊದಲಿನ ಚೀಟಿ ಹಳೇದಾಗಿತ್ತು, ಹೊಸ ಚೀಟಿ ಮಾಡಿಸಬೇಕಾಯ್ತು. ಹೊಸ ಚೀಟಿ ಅಂದ್ರೆ ಹೊಸ ತಾರೀಖು. ದವಾಖಾನೆಯ ಪುಸ್ತಕದ ಪ್ರಕಾರ ಚಿನ್ನು ಕಾದದ್ದು ಬರೀ ಐದು ವಾರ. ಅಕ್ಕನ ಲೆಕ್ಕದಲ್ಲಿ ಹದಿನಾಲ್ಕು ತಿಂಗಳು. ಎರಡೂ ಸುಳ್ಳಲ್ಲ!

ಖರ್ಚು? ಶಕ್ತಿ ಯೋಜನೆಯಿಂದ ಅಕ್ಕನ ಟಿಕೆಟ್ ಫ್ರೀ, ಆರು ವರ್ಷದೊಳಗಿನ ಮಗುವಿಗೂ ಟಿಕೆಟ್ ಇಲ್ಲ. ಹಾಗಾಗಿ ಬಸ್ ಖರ್ಚು ಸೊನ್ನೆ. ಒಂದು ದಿನದ ಕೂಲಿ ಹೋಗ್ತದೆ. ಬಸ್ಸಿನ ಹಾರ್ನಿಗೆ ಚಿನ್ನು ಕಿವಿ ಮುಚ್ಚಿಕೊಂಡು ಚೀರ್ತಾನೆ, ಮಂದಿ ತಿರುಗಿ ನೋಡ್ತಾರೆ, ಯಾರೋ ಒಬ್ಬರು "ಎರಡು ಕೊಡವ್ವಾ, ಸುಮ್ನಾಗ್ತಾನ" ಅಂತಾರೆ. ಅದನ್ನ ಯಾವ ಕಾಲಂಗೆ ಹಾಕೋದು ನನಗೆ ತಿಳೀಲಿಲ್ಲ.

ಶಾಲೆ ಸೇರೋ ವಯಸ್ಸೂ ಬಂತು. 2021ರಲ್ಲಿ ಸುಪ್ರೀಂ ಕೋರ್ಟ್ ಆಟಿಸಂ ಇರೋ ಐದು ಮಕ್ಕಳಿಗೆ ಒಬ್ಬ ವಿಶೇಷ ಶಿಕ್ಷಕರು ಇರಬೇಕು ಅನ್ನೋ ಪ್ರಮಾಣ ಹೇಳಿದೆ. 2025ರ ಮಾರ್ಚ್‌ನಲ್ಲಿ, ಹುದ್ದೆಗಳೆಷ್ಟು ಅಂತ ಅಧಿಸೂಚನೆ ಹೊರಡಿಸಿ ಅಂತ ರಾಜ್ಯಗಳಿಗೆ ಮತ್ತೆ ಹೇಳಬೇಕಾಯ್ತು. ಅಲ್ಲೂ ಅದೇ ಕಥೆ, ಮೊದಲು ಎಣಿಸ್ರಿ ಅಂತ.

(9/9)

ಕೊನೇ ಫೋಟೋ ಪೋಸ್ಟ್ ಆಫೀಸಿನ ರಿಜಿಸ್ಟರ್ಡ್ ಪೋಸ್ಟ್ ರಸೀದಿ. ವಿಳಾಸದ ಮೇಲೆ ಬೆರಳು ಇಟ್ಟಿದ್ದೀನಿ.

2005ರ ಮಾಹಿತಿ ಹಕ್ಕು ಕಾಯ್ದೆಯ ಕೆಳಗೆ ಒಂದು ಅರ್ಜಿ ಹಾಕಿದೆ. ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ಹಚ್ಚಬೇಕು. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಮೀರಬಾರದು. ನನ್ನ ಈ ಸರಣಿ ನೋಡಿದವರಿಗೆ ಗೊತ್ತು, 150 ಪದದೊಳಗೆ ಮುಗಿಸೋದು ನನಗೆ ಎಷ್ಟು ಕಷ್ಟ ಅಂತ. ನಾಲ್ಕು ಸಲ ಬರೆದೆ. ಕಾಮರ್ಸ್ ಲೆಕ್ಚರರ್ ಒಬ್ಬರು ನೋಡಿ, "ಯಾಕೆ ಅಂತ ಕೇಳಬ್ಯಾಡ, ಎಷ್ಟು ಅಂತ ಕೇಳು. ಯಾಕೆ ಅಂದ್ರೆ ಉತ್ತರ ಬರಂಗಿಲ್ಲ" ಅಂದ್ರು. ಅದಕ್ಕೆ ಹೀಗೆ ಕೇಳಿದೆ.

2017ರ ಏಪ್ರಿಲ್‌ನಿಂದ ವರ್ಷವಾರು ಎಷ್ಟು ಮಕ್ಕಳನ್ನ ಆಟಿಸಂ ಅನುಮಾನದಿಂದ ಜಿಲ್ಲಾ ಕೇಂದ್ರಕ್ಕೆ ಕಳಿಸಲಾಗಿದೆ. ಮಗುವನ್ನ ಮೊದಲ ಸಲ ಕಳಿಸಿದ ತಾರೀಖು, ಪರೀಕ್ಷೆ ಮುಗಿದ ತಾರೀಖು, ಥೆರಪಿ ಶುರುವಾದ ತಾರೀಖು, ಈ ಮೂರನ್ನೂ ಒಂದೇ ಸಾಲಿನಲ್ಲಿ ಬರೆಯೋ ರಿಜಿಸ್ಟರ್ ಇದೆಯೇ, ಇದ್ದರೆ ಮಕ್ಕಳ ಹೆಸರು ಬಿಟ್ಟು ಅದರ ಪ್ರತಿ. ಮಾತಿನ ಥೆರಪಿಸ್ಟ್, ಮನಶ್ಶಾಸ್ತ್ರಜ್ಞ, ವಿಶೇಷ ಶಿಕ್ಷಕರ ಮಂಜೂರಾದ ಹುದ್ದೆ ಎಷ್ಟು, ಭರ್ತಿ ಎಷ್ಟು.

ನನಗೆ ಬೇಕಾದದ್ದು ಆ ಎರಡನೇ ಪ್ರಶ್ನೆ. ಅಂಥ ರಿಜಿಸ್ಟರ್ ಇದ್ದರೆ ಚಿನ್ನುವಿನ ಹದಿನಾಲ್ಕು ತಿಂಗಳು ಐದು ವಾರ ಆಗೋಕೆ ಬರಲ್ಲ.

ಅಕ್ಕಗ ಅರ್ಜಿ ಓದಿ ಹೇಳಿದೆ. ಪೂರ್ತಿ ಕೇಳಿ, "ಇದರಾಗ ನಮ್ಮ ಹೆಸರು ಇಲ್ಲಲಾ?" ಅಂದ್ರು. ಇಲ್ಲ ಅಂದೆ. "ಹಂಗಾರ ಹಾಕು" ಅಂದ್ರು. ಮೊದಲನೇ ಥೆರಪಿ ದಿನ ಏನಾತು ಅಂತ ಕೇಳಿದ್ದಕ್ಕೆ, ಅಲ್ಲಿಯ ಮೇಡಂ ಚಿನ್ನು ಎದುರು ನೆಲದ ಮೇಲೆ ಕೂತು ಮುಚ್ಚಳಗಳನ್ನ ಒಂದೊಂದೇ ಕೊಡ್ತಾ ಹೋದರಂತೆ. ಮಾತಾಡಿಸಲೇ ಇಲ್ಲವಂತೆ. ಇಪ್ಪತ್ತು ನಿಮಿಷ ಆದ ಮೇಲೆ ಮುಂದಿನ ಮುಚ್ಚಳಕ್ಕ ಅವನೇ ಕೈ ಚಾಚಿದನಂತೆ. ಇದನ್ನ ಹೇಳುವಾಗ ಅಕ್ಕ ತಮ್ಮ ಕೈಯನ್ನೂ ಹಂಗೇ ಮುಂದೆ ಚಾಚಿ ತೋರಿಸಿದ್ರು.

ಮುಂದಿನ ತಾರೀಖು ಆರು ವಾರ ಬಿಟ್ಟು. ಅವರ ಮನೆಯ ಶಾಬಾದಿಮಠ ಕ್ಯಾಲೆಂಡರಿನಲ್ಲಿ ಪೆನ್ನಿನಿಂದ ಸುತ್ತು ಹಾಕಿದ್ದಾರೆ. ಅದರ ಕೆಳಗೆ ನಾನೂ ಒಂದು ತಾರೀಖು ಬರೆದೆ. ಮಾಹಿತಿ ಹಕ್ಕಿನಲ್ಲಿ ಉತ್ತರಕ್ಕೆ 30 ದಿನ ಟೈಮು. ಅರ್ಜಿ ಹಾಕಿ ಇವತ್ತಿಗೆ 19 ದಿನ. ಬಂದದ್ದನ್ನ ಬಂದ ಹಾಗೇ ಇಲ್ಲಿ ಹಾಕ್ತೀನಿ.